‘ಇದು ನಮ್ಮ ಸೋದರಮಾವ’: ಒಂದು ಫಿಲಿಪಿನೊ ಗ್ರಾಫಿಕ್ ಕಾದಂಬರಿಯ ಪ್ರಕರಣ

ಮನಿಲಾದಲ್ಲಿ ನಾನು ಕೆಲಸಕ್ಕಿದ್ದ ವರ್ಷಗಳಲ್ಲಿ ಇಬ್ಬರು ಗೆಳೆಯರು ಸೇರಿ ಒಂದು ಗ್ರಾಫಿಕ್ ಕಾದಂಬರಿ ಮಾಡಿದರು. ಒಬ್ಬಳು ಬರೆಯುವವಳು, ಇನ್ನೊಬ್ಬ ಚಿತ್ರ ಬಿಡಿಸುವವನು. ಕರಡು ಓದಿ ಹೇಳುವವರಲ್ಲಿ ನಾನೂ ಒಬ್ಬ. ಮೊದಲ ಅಧ್ಯಾಯ ಮಾರಾಟಕ್ಕೆ ಬಂದ ದಿನವೇ ಒಬ್ಬರು ಆಡಿದ ಮಾತಿನಿಂದ ಇಡೀ ಪುಸ್ತಕವನ್ನು ಮತ್ತೆ ಮೊದಲಿಂದ ಮಾಡಬೇಕಾಯಿತು. ಆ ಮಾತು ಏನು, ಅದರಿಂದ ಪುಟಗಳು ಹೇಗೆ ಬದಲಾದವು ಅನ್ನೋದನ್ನು ಇಲ್ಲಿ ಬರೆದಿದ್ದೇನೆ. ಹೆಸರು, ಊರು, ಪುಸ್ತಕದ ಹೆಸರು ಎಲ್ಲ ಬಿಟ್ಟಿದ್ದೇನೆ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ಇಬ್ಬರೂ ನನಗಿಂತ ಚಿಕ್ಕವರು, ಹಾಗಾಗಿ ಅವಳು, ಅವನು ಅಂತಲೇ ಬರೆಯುತ್ತೇನೆ.

ಹಿನ್ನೆಲೆ

ಫಿಲಿಪೀನ್ಸಿನಲ್ಲಿ ಚಿತ್ರಕಥೆಗೆ ಕೊಮಿಕ್ಸ್ ಅಂತಾರೆ. 1929ರಲ್ಲಿ ಲಿವಾಯ್‌ವಾಯ್ ವಾರಪತ್ರಿಕೆಯಲ್ಲಿ ಕೆಂಕೊಯ್ ಅನ್ನುವ ತಮಾಷೆಯ ಹುಡುಗ ಕಾಣಿಸಿಕೊಂಡಾಗಿನಿಂದ ಅದಕ್ಕೆ ಓದುಗರಿದ್ದಾರೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅದು ಮನೆಮನೆಗೂ ಹೋಯಿತು. ಸಾರಿ-ಸಾರಿ ಅಂತ ಕರೆಯುವ ಬೀದಿಯ ಚಿಲ್ಲರೆ ಅಂಗಡಿಗಳಲ್ಲಿ ಕೊಮಿಕ್ಸ್ ಬಾಡಿಗೆಗೆ ಸಿಗುತ್ತಿತ್ತು. ಅಲ್ಲೇ ಬೆಂಚಿನ ಮೇಲೆ ಕೂತು ಓದಿ ವಾಪಸ್ ಕೊಟ್ಟು ಹೋಗುತ್ತಿದ್ದರು. ಆ ಕಾಲ ಮುಗಿದಿದೆ. ಈಗ ಹೊಸಬರು ತಾವೇ ಜೆರಾಕ್ಸ್ ಮಾಡಿಸಿ, ನಡುವೆ ಪಿನ್ ಹೊಡೆದು, 2005ರಲ್ಲಿ ಶುರುವಾದ ಕೊಮಿಕಾನ್‌ನಂಥ ಮೇಳಗಳಲ್ಲಿ ಮೇಜು ಹಾಕಿಕೊಂಡು ಮಾರುತ್ತಾರೆ. ನನ್ನ ಗೆಳೆಯರು ಮಾಡಿದ್ದೂ ಅದನ್ನೇ.

ಕಥೆಗೆ ಅವರು ಆರಿಸಿಕೊಂಡಿದ್ದು ನಾಡಿನ ಭೂತ, ದೈವ, ಪಿಶಾಚಿಗಳನ್ನು. ಈ ಲೋಕ ನಮಗೆ ಪೂರ್ತಿ ಹೊಸದೇನಲ್ಲ. ಅಲ್ಲಿ ಕಾಡಿನ ದೇವತೆಗೆ ದಿವಾತಾ ಅಂತಾರೆ, ಅದು ನಮ್ಮ ‘ದೇವತಾ’ ಪದವೇ ಸಮುದ್ರ ದಾಟಿ ಹೋಗಿದ್ದು. ಚಂದ್ರನನ್ನು ನುಂಗುವ ಬಾಕುನಾವಾ ಅನ್ನುವ ದೊಡ್ಡ ಹಾವಿದೆ. ಗ್ರಹಣ ಹಿಡಿದಾಗ ಜನ ಪಾತ್ರೆ ಬಡಿದು ಅದನ್ನು ಓಡಿಸುತ್ತಿದ್ದರು. ಹುತ್ತದಲ್ಲಿ ನೂನೊ ಅನ್ನುವ ಮುದುಕ ವಾಸ ಮಾಡುತ್ತಾನೆ. ಹುತ್ತದ ಪಕ್ಕ ಹೋಗುವಾಗ ಈಗಲೂ ‘ತಾಬಿ ತಾಬಿ ಪೊ’ ಅಂತಾರೆ. ಸ್ವಲ್ಪ ದಾರಿ ಬಿಡಿ ಸ್ವಾಮಿ, ಹಾದು ಹೋಗ್ತೀವಿ ಅನ್ನೋ ಹಾಗೆ. ಕಾಲೇಜು ಓದಿದ ಮನಿಲಾದ ಹುಡುಗರೂ ಮೂತ್ರಕ್ಕೆ ಪೊದೆಯ ಹತ್ತಿರ ಹೋದಾಗ ಹೀಗೆ ಗೊಣಗುವುದನ್ನು ನಾನೇ ಕೇಳಿದ್ದೇನೆ.

ಇವೆಲ್ಲಕ್ಕಿಂತ ಜಾಸ್ತಿ ಭಯ ಹುಟ್ಟಿಸುವುದು ಅಸ್ವಾಂಗ್. ಹಗಲು ಪಕ್ಕದ ಮನೆಯ ಮನುಷ್ಯ, ರಾತ್ರಿ ಬೇರೆಯೇ. ಮಾಕ್ಸಿಮೊ ರಾಮೋಸ್ ಅನ್ನುವ ವಿದ್ವಾಂಸರು ಇದರಲ್ಲಿ ಐದು ಬಗೆ ಗುರುತಿಸಿದ್ದಾರೆ: ರಕ್ತ ಹೀರುವುದು, ಸೊಂಟದಿಂದ ಮೇಲಿನ ಭಾಗ ಬೇರ್ಪಟ್ಟು ಹಾರುವುದು, ನಾಯಿಯ ರೂಪ ತಾಳುವುದು, ಮಾಟ ಮಾಡುವುದು, ಹೆಣ ತಿನ್ನುವುದು. ಜನರ ಬಾಯಲ್ಲಿ ಇವೆಲ್ಲ ಒಂದರೊಳಗೊಂದು ಕಲಸಿಹೋಗಿವೆ. ಬಸುರಿಯರ ಮನೆಯ ಮಾಡಿನ ಮೇಲೆ ಕೂತು ಉದ್ದದ ಸಪೂರ ನಾಲಿಗೆ ಇಳಿಬಿಡುತ್ತದೆ ಅಂತಾರೆ. ಉಪ್ಪು, ಬೆಳ್ಳುಳ್ಳಿ, ತೊರಕೆ ಮೀನಿನ ಬಾಲದ ಚಾವಟಿ ಕಂಡರೆ ಅದಕ್ಕೆ ಆಗುವುದಿಲ್ಲ. ಮತ್ತೆ, ಅಸ್ವಾಂಗ್ ಯಾವ ಊರಿನದು ಅಂತ ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: ಕಾಪಿಸ್. ಪನಾಯ್ ದ್ವೀಪದ ಒಂದು ಪ್ರಾಂತ್ಯ ಅದು. ಒಳ್ಳೆಯ ಮೀನು, ಸಿಗಡಿ, ಸಿಂಪಿಗೆ ಹೆಸರಾದ ಜಾಗ.

ಲೇಖಕಿಯ ಅಜ್ಜಿ ಪನಾಯ್‌ನವರು, ಆದರೆ ಅವಳು ಹುಟ್ಟಿ ಬೆಳೆದದ್ದೆಲ್ಲ ಮನಿಲಾ. ಚಿತ್ರಗಾರ ಅಪ್ಪಟ ಮನಿಲಾದವನು, ಹಗಲು ಹೊರದೇಶದ ಕಾರ್ಟೂನುಗಳಿಗೆ ಹಿನ್ನೆಲೆ ಚಿತ್ರ ಬರೆಯುವ ಕೆಲಸ. ಯೋಜನೆ ಸರಳವಾಗಿತ್ತು. ಒಬ್ಬ ಹುಡುಗಿ ದ್ವೀಪದಿಂದ ದ್ವೀಪಕ್ಕೆ ಹೋಗುತ್ತಾಳೆ, ಒಂದೊಂದು ಅಧ್ಯಾಯದಲ್ಲಿ ಒಂದೊಂದು ಜೀವಿ. ಮೊದಲ ಅಧ್ಯಾಯ ಕಾಪಿಸ್, ಅಸ್ವಾಂಗ್. ಯಾಕೆ ಅದೇ ಮೊದಲು ಅಂದರೆ, ಅದು ಚೆನ್ನಾಗಿ ಮಾರಾಟವಾಗುತ್ತೆ ಅಂತ.

ನಾನು ಆ ಕರಡು ಓದಿದ್ದೆ. ಚೆನ್ನಾಗಿದೆ ಅಂದಿದ್ದೆ. ನನಗೂ ಏನೂ ಕಾಣಿಸಿರಲಿಲ್ಲ.

ಮೇಜಿನ ಮುಂದೆ ನಿಂತವರು

28 ಪುಟದ ಅಧ್ಯಾಯ, 150 ಪ್ರತಿ. ಬೆಳಗ್ಗೆಯೇ ಸುಮಾರು ಪ್ರತಿ ಹೋದವು. ಮಧ್ಯಾಹ್ನ ಒಬ್ಬ ಹೆಂಗಸು ಬಂದು ಪುಸ್ತಕ ತಿರುವಿ ಹಾಕಿದರು. ಮನುಷ್ಯ ಅಸ್ವಾಂಗ್ ಆಗಿ ಬದಲಾಗುವ ಪುಟಕ್ಕೆ ಬಂದು ನಿಂತುಬಿಟ್ಟರು. ಆ ಪುಟ ಇಡೀ ಅಧ್ಯಾಯದ ಹೆಮ್ಮೆ. ಕತ್ತು ಹಿಂದಕ್ಕೆ ತಿರುಚಿದೆ, ದವಡೆ ಅಗಲವಾಗಿ ತೆರೆದಿದೆ, ನಾಲಿಗೆ ಹೊರಗೆ ಬಂದಿದೆ, ಉಗುರಿನ ಕೈ ದವಡೆಯನ್ನು ಎಳೆಯುತ್ತಿದೆ.

“ಈ ಚಿತ್ರ ಎಲ್ಲಿಂದ ತಗೊಂಡ್ರಿ?” ಅಂತ ಕೇಳಿದರು.

ಚಿತ್ರಗಾರ ನಿಜ ಹೇಳಿದ. ಇಂಟರ್‌ನೆಟ್‌ನಲ್ಲಿ ‘ಕಾಪಿಸ್ ಅಸ್ವಾಂಗ್’ ಅಂತ ಹುಡುಕಿದಾಗ ಒಂದು ಮಸುಕಾದ ಫೋಟೊ ಸಿಕ್ಕಿತ್ತು. ಯಾರದು, ಯಾರು ತೆಗೆದದ್ದು ಒಂದೂ ಇರಲಿಲ್ಲ. ಮೈಯ ಭಂಗಿ ವಿಚಿತ್ರವಾಗಿತ್ತು, ಅದನ್ನೇ ಇಟ್ಟುಕೊಂಡು ಬರೆದ.

“ಇದು ನಮ್ಮ ಸೋದರಮಾವ,” ಅಂದರು ಅವರು. ಆಮೇಲೆ ತಾವೇ ಸರಿಪಡಿಸಿಕೊಂಡರು. “ಆ ಫೋಟೊದಲ್ಲಿ ಇರೋದು ಬೇರೆ ಯಾರೋ ಇರಬಹುದು. ಆದ್ರೆ ನಮ್ಮ ಮಾವನೂ ಹೀಗೇ ಇರ್ತಾರೆ. ಇದು ಕಾಯಿಲೆ.”

ಅವರು ಕಾಪಿಸ್‌ನವರು, ಮನಿಲಾದ ಆಸ್ಪತ್ರೆಯೊಂದರಲ್ಲಿ ನರ್ಸ್. ಅಲ್ಲೇ ನಿಂತು ವಿವರಿಸಿದರು. ಆ ಕಾಯಿಲೆಗೆ ಅವರ ಹಿಲಿಗಾಯ್ನೋನ್ ಭಾಷೆಯಲ್ಲಿ ಲೂಬಾಗ್ ಅಂತಾರೆ, ತಿರುಚುವುದು ಅಂತ ಅರ್ಥ. ವೈದ್ಯರು ಎಕ್ಸ್‌ಡಿಪಿ ಅಂತಾರೆ. ಪನಾಯ್ ದ್ವೀಪದಲ್ಲಿ ಇದು ಇರುವುದನ್ನು ವೈದ್ಯರು 1976ರಲ್ಲಿ ಬರೆದು ಪ್ರಕಟಿಸಿದರು. ಬೇರೆ ಎಲ್ಲೇ ಕಂಡರೂ ಕುಟುಂಬದ ಬೇರು ಸಾಮಾನ್ಯವಾಗಿ ಇದೇ ದ್ವೀಪಕ್ಕೆ ಬಂದು ಮುಟ್ಟುತ್ತದೆ. ಕಾಪಿಸ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು. ಎಕ್ಸ್ ಕ್ರೋಮೋಸೋಮಿನಲ್ಲಿ ಕೂತು ತಾಯಿಯಿಂದ ಮಕ್ಕಳಿಗೆ ಬರುತ್ತದೆ, ಕಾಣಿಸಿಕೊಳ್ಳುವುದು ಬಹುಪಾಲು ಗಂಡಸರಲ್ಲಿ, ಸಾಮಾನ್ಯವಾಗಿ 40ರ ಆಸುಪಾಸು. ಮೈಯ ಯಾವುದೋ ಒಂದು ಕಡೆ ಸ್ನಾಯು ತಾನಾಗಿ ಬಿಗಿದುಕೊಂಡು ಶುರುವಾಗುತ್ತದೆ. ಆಮೇಲೆ ಹಬ್ಬುತ್ತದೆ. ಕತ್ತು, ದವಡೆ, ನಾಲಿಗೆ ಹಿಡಿತಕ್ಕೆ ಸಿಗುವುದಿಲ್ಲ. ನುಂಗಲು ಕಷ್ಟವಾಗಿ ಮೈ ಇಳಿದುಹೋಗುತ್ತದೆ.

“ನನ್ನ ತಮ್ಮನಿಗೆ ಈಗ 34,” ಅಂತಲೂ ಹೇಳಿದರು.

ಪುಸ್ತಕ ಅಲ್ಲೇ ಇಟ್ಟು ಹೊರಟರು. ಲೇಖಕಿ ಓಡಿಹೋಗಿ ಫೋನ್ ನಂಬರ್ ಕೇಳಿಕೊಂಡು ಬಂದಳು. ಈ ಪ್ರಕರಣದಲ್ಲಿ ಮೊದಲ ಸರಿಯಾದ ಹೆಜ್ಜೆ ಅದು ಅಂತ ನನಗನ್ನಿಸುತ್ತದೆ. ಆ ನಂಬರ್ ಇಲ್ಲದಿದ್ದರೆ ಮುಂದಿನದೇನೂ ಇಲ್ಲ.

ಮೊದಲು ಮಾಡಿದ್ದು

ಮೇಜಿನ ಮೇಲೆ ಉಳಿದಿದ್ದ ಪ್ರತಿಗಳನ್ನು ಅವರು ಆಗಲೇ ತೆಗೆದು ಚೀಲಕ್ಕೆ ತುಂಬಿದರು. ಅದರಲ್ಲಿ ಇಬ್ಬರಿಗೂ ಎರಡು ಮಾತಿರಲಿಲ್ಲ. ಮುಂದೇನು ಅನ್ನುವಲ್ಲಿ ಜಗಳ ಶುರುವಾಯಿತು.

ಚಿತ್ರಗಾರನಿಗೆ ಆ ಅಧ್ಯಾಯವೇ ಬೇಡವಾಗಿತ್ತು. ಅಸ್ವಾಂಗ್ ಬಿಡೋಣ, ಮರದ ಮೇಲೆ ಕೂತು ಚುಟ್ಟಾ ಸೇದುವ ಕಾಪ್ರೆಯ ಕಥೆ ಮಾಡೋಣ, ಯಾರಿಗೂ ನೋವಾಗಲ್ಲ ಅಂದ. ಲೇಖಕಿ ಒಪ್ಪಲಿಲ್ಲ. ಕಾಪಿಸ್ ಅನ್ನುವ ಹೆಸರು ತೆಗೆದು ಒಂದು ಕಾಲ್ಪನಿಕ ಊರು ಹಾಕಿದಳು. ಮೈಯ ಭಂಗಿ ಬದಲಾಯಿಸುವಂತೆ ಮಾಡಿದಳು. ಹೊಸ ಪುಟಗಳನ್ನು ನರ್ಸ್‌ಗೆ ಕಳಿಸಿದಳು.

ಉತ್ತರ ಬಂತು: ಊರಿನ ಹೆಸರು ಬದಲಾಯಿಸಿದ್ದೀರಿ, ಆದರೆ ಜನ ಮಾತಾಡುತ್ತಿರುವುದು ಹಿಲಿಗಾಯ್ನೋನ್. ಓದಿದವರಿಗೆಲ್ಲ ಗೊತ್ತಾಗುತ್ತೆ. ಮತ್ತೆ, ನಮ್ಮ ಕಡೆಯ ಅಜ್ಜಿಯ ಬಾಯಲ್ಲಿ ‘ಪೊ’ ಅಂತ ಯಾಕೆ ಹಾಕಿದ್ದೀರಿ? ಅದು ಮನಿಲಾ ಕಡೆಯ ತಗಾಲೊಗ್ ಮಾತು. ನಾವು ಹಾಗೆ ಹೇಳಲ್ಲ.

ಈ ಕೊನೆಯ ಸಾಲು ಲೇಖಕಿಗೆ ತುಂಬ ತಾಗಿತು. ಸ್ವಂತ ಅಜ್ಜಿಯ ಭಾಷೆ ಅದು. ತನ್ನ ಕಥೆ ಅಂದುಕೊಂಡು ಬರೆದಿದ್ದು ನಿಜವಾಗಿ ರಾಜಧಾನಿಯವರು ಕಾಪಿಸ್ ಬಗ್ಗೆ ಹೇಳಿಕೊಳ್ಳುವ ಕಥೆಯಾಗಿತ್ತು ಅನ್ನೋದು ಅವಳಿಗೆ ಆಗ ಕಂಡಿತು. ಅವಳು ಹಳೆಯ ಬರಹಗಳನ್ನು ಓದತೊಡಗಿದಳು. 1589ರಲ್ಲಿ ಹ್ವಾನ್ ದೆ ಪ್ಲಾಸೆನ್ಸಿಯಾ ಅನ್ನುವ ಸ್ಪೇನಿನ ಪಾದ್ರಿ ತಗಾಲೊಗ್ ಜನರ ರೀತಿನೀತಿಗಳ ಬಗ್ಗೆ ಬರೆದಿದ್ದಾನೆ. ಅಲ್ಲಿ ಅಸ್ವಾಂಗ್ ಇದೆ. ಹಾರುವುದನ್ನು ಕಂಡವರಿದ್ದಾರಂತೆ, ಮನುಷ್ಯರನ್ನು ಕೊಂದು ಮಾಂಸ ತಿನ್ನುತ್ತದಂತೆ. ಕೊನೆಗೆ ಒಂದು ಮಾತು ಸೇರಿಸಿದ್ದಾನೆ: ಇದೆಲ್ಲ ವಿಸಾಯಾ ದ್ವೀಪಗಳಲ್ಲಿ, ತಗಾಲೊಗರಲ್ಲಿ ಇಂಥವರಿಲ್ಲ. ಪನಾಯ್ ಇರುವುದು ಆ ವಿಸಾಯಾದಲ್ಲೇ. ನಾನೂರು ವರ್ಷ ದಾಟಿದರೂ ಬೆರಳು ಅದೇ ಕಡೆ ತೋರಿಸುತ್ತಿದೆ. ಅಸ್ವಾಂಗ್ ಯಾವಾಗಲೂ ಪಕ್ಕದ ಊರಿನದು, ಅಲ್ವಾ?

ಇಲ್ಲಿ ಇನ್ನೊಂದು ಅವಸರದ ತೀರ್ಮಾನಕ್ಕೆ ಅವರು ಬಂದುಬಿಡಬಹುದಿತ್ತು. ಲೂಬಾಗ್ ಕಾಯಿಲೆಯಿಂದಲೇ ಅಸ್ವಾಂಗ್ ಕಥೆ ಹುಟ್ಟಿತು ಅಂತ ಹೇಳುವವರಿದ್ದಾರೆ. ಕೇಳಲು ಚೆನ್ನಾಗಿದೆ. ಆದರೆ ಆ ಕಾಯಿಲೆಯ ಸುಳಿವೇ ಇಲ್ಲದ ಎಷ್ಟೋ ದ್ವೀಪಗಳಲ್ಲೂ ಅಸ್ವಾಂಗ್ ಇದೆ. ಕಥೆ ಮೊದಲೇ ಇತ್ತು, ಕಾಯಿಲೆ ಬಂದವರ ಮೈಮೇಲೆ ಅದನ್ನು ಹೊರಿಸಿದರು ಅನ್ನುವುದೇ ಹೆಚ್ಚು ಸರಿ ಅಂತ ಲೇಖಕಿ ವಾದಿಸಿದಳು, ನಾನೂ ಅದನ್ನೇ ಒಪ್ಪುತ್ತೇನೆ. ಹಾಗೆ ನೋಡಿದ ಕೂಡಲೇ ಪುಸ್ತಕದ ಪ್ರಶ್ನೆ ಬದಲಾಯಿತು. ಅಸ್ವಾಂಗ್ ಹೇಗಿರುತ್ತೆ ಅನ್ನೋದು ಹಿಂದೆ ಸರಿಯಿತು. ಯಾರನ್ನು ಅಸ್ವಾಂಗ್ ಅಂತ ಕರೀತಾರೆ, ಕರೆದ ಮೇಲೆ ಆ ಮನೆಯಲ್ಲಿ ಏನಾಗುತ್ತೆ ಅನ್ನೋದು ಮುಂದೆ ಬಂತು.

ಕಿಟಕಿ

ಕೆಲವು ತಿಂಗಳ ನಂತರ ನರ್ಸ್ ರಜೆಗೆ ಊರಿಗೆ ಹೋಗುವಾಗ ಇಬ್ಬರೂ ಜೊತೆಗೆ ಹೋದರು. ನರ್ಸ್ ಒಂದೇ ಷರತ್ತು ಹಾಕಿದ್ದರು: ಕ್ಯಾಮೆರಾ ತರಬೇಡಿ.

ಮನೆ ಹಳೆಯದು, ಮರದ್ದು. ಕಿಟಕಿಗೆ ಗಾಜಿಲ್ಲ, ಕಾಪಿಸ್ ಚಿಪ್ಪು. ಅಲ್ಲಿನ ಕಡಲಲ್ಲಿ ಸಿಗುವ ಒಂದು ಬಗೆಯ ಚಪ್ಪಟೆ ಸಿಂಪಿಯ ಚಿಪ್ಪದು. ಪಾರದರ್ಶಕವಲ್ಲ, ಆದರೆ ಬೆಳಕು ಬಿಡುತ್ತದೆ. ಅದನ್ನು ಅಂಗೈಗಿಂತ ಚಿಕ್ಕ ಚೌಕಗಳಾಗಿ ಕತ್ತರಿಸಿ ಮರದ ಚೌಕಟ್ಟಿನಲ್ಲಿ ಸಾಲಾಗಿ ಕೂರಿಸಿರುತ್ತಾರೆ. ಸಂಜೆ ಒಳಗೆ ದೀಪ ಹಚ್ಚಿದರೆ ಹೊರಗೆ ನಿಂತವರಿಗೆ ಮುಖ ಕಾಣುವುದಿಲ್ಲ, ನೆರಳು ಮಾತ್ರ ಕಾಣುತ್ತದೆ. ನೆರಳಿನ ಕತ್ತು ಬಾಗುತ್ತದೆ, ಬಾಯಿ ತೆರೆಯುತ್ತದೆ. ಚಿತ್ರಗಾರ ರಸ್ತೆಯಲ್ಲಿ ನಿಂತು ತುಂಬ ಹೊತ್ತು ಅದನ್ನೇ ನೋಡಿದನಂತೆ. ಬೀದಿಯವರು ಇಷ್ಟು ವರ್ಷ ನೋಡಿದ್ದು ಇದನ್ನೇ ಅಂತ ಅವನಿಗೆ ಅರ್ಥವಾಯಿತು.

ಒಳಗೆ ಮಾವ ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದರು. ಮೊದಲು ಬಡಗಿ ಕೆಲಸ ಮಾಡುತ್ತಿದ್ದವರು. ಮಾತು ಬಿಡಿಬಿಡಿಯಾಗಿ ಬರುತ್ತಿತ್ತು, ನರ್ಸ್ ಅದನ್ನು ತಿಳಿಸಿ ಹೇಳುತ್ತಿದ್ದರು. ಎದುರಿನವರು ಹೇಳುವುದೆಲ್ಲ ಅವರಿಗೆ ಅರ್ಥವಾಗುತ್ತಿತ್ತು. ಇಬ್ಬರೂ ಅವರನ್ನು ತಿಯೊ ಅಂತ ಕರೆದರು, ನಾವು ಮಾವ ಅಂದ ಹಾಗೆ.

ಒಪ್ಪಿಗೆ ಯಾರ ಹತ್ತಿರ ಕೇಳಬೇಕು ಅನ್ನುವ ಪ್ರಶ್ನೆ ಎದ್ದದ್ದು ಆಗ. ಮನೆಯ ಹಿರಿಯಕ್ಕ, ಅಂದರೆ ನರ್ಸ್‌ನ ತಾಯಿ, ಏನೂ ತೋರಿಸಬೇಡಿ, ಸುಮ್ನೆ ಬೇಜಾರಾಗುತ್ತಾರೆ ಅಂದರು. ಲೇಖಕಿಗೂ ಹಾಗೇ ಅನ್ನಿಸಿತು. ನರ್ಸ್ ಮಾತ್ರ, “ಕೇಳಬೇಕಾದ್ದು ಅವರನ್ನ. ನಮ್ಮನ್ನಲ್ಲ,” ಅಂದರು. ಕೊನೆಗೆ ಆ ಹಳೆಯ ಪುಟವನ್ನು, ಮೇಳದಲ್ಲಿ ಮಾರಿದ್ದನ್ನೇ, ಅವರ ಮುಂದಿಟ್ಟರು. ಯಾಕೆ ಬರೆದೆ, ಫೋಟೊ ಎಲ್ಲಿಂದ ಬಂತು ಅಂತ ಚಿತ್ರಗಾರನೇ ಹೇಳಿ ಕ್ಷಮೆ ಕೇಳಿದ.

ಮಾವ ಬಹಳ ಹೊತ್ತು ನೋಡಿದರು. ಆಮೇಲೆ ಒಂದೇ ಮಾತು ಹೇಳಿದರು: ಕೈ ತಪ್ಪಾಗಿದೆ.

ಹೇಳಿ ತಮ್ಮ ಕೈ ಎತ್ತಿ ಗಲ್ಲದ ಕೆಳಗಿಟ್ಟು ತೋರಿಸಿದರು. ಎರಡು ಬೆರಳು ಮಾತ್ರ, ಮೆಲ್ಲಗೆ. ಇಟ್ಟ ಕೂಡಲೇ ದವಡೆ ಸ್ವಲ್ಪ ಮುಚ್ಚಿತು, ಕತ್ತು ನೆಟ್ಟಗಾಯಿತು. ಕೆಲವು ಕ್ಷಣ ಮುಖ ಪೂರ್ತಿ ಕಾಣಿಸಿತು. ಹೀಗೆ ಹಗುರವಾಗಿ ಮುಟ್ಟಿದರೆ ಬಿಗಿತ ಸ್ವಲ್ಪ ಹೊತ್ತು ಸಡಿಲವಾಗುವುದು ಈ ಬಗೆಯ ಕಾಯಿಲೆಗಳಲ್ಲಿ ವೈದ್ಯರಿಗೆ ಗೊತ್ತಿರುವ ಸಂಗತಿಯೇ. ಚಿತ್ರಗಾರನಿಗೆ ಸಿಕ್ಕ ಫೋಟೊದಲ್ಲೂ ಕೈ ದವಡೆಯ ಹತ್ತಿರವೇ ಇತ್ತು. ಅವನು ಅದಕ್ಕೆ ಉಗುರು ಹಚ್ಚಿ, ಬಾಯಿ ಹರಿಯುವ ಕೈ ಮಾಡಿದ್ದ. ಆ ಕೈ ನಿಜವಾಗಿ ಮುಖವನ್ನು ಹಿಡಿದು ನಿಲ್ಲಿಸಲು ಒದ್ದಾಡುತ್ತಿತ್ತು.

ಇದನ್ನು ನನಗೆ ಹೇಳುವಾಗ ಅವನು ಅತ್ತ.

ಪುಟಗಳು

ಅಲ್ಲಿಂದ ಬಂದ ಮೇಲೆ ದ್ವೀಪ ಸುತ್ತುವ ಹುಡುಗಿ, ಅಧ್ಯಾಯಕ್ಕೊಂದು ಜೀವಿ, ಎಲ್ಲ ಹೋಯಿತು. ಪುಸ್ತಕ ಒಂದೇ ಬೀದಿಯ ಕಥೆಯಾಯಿತು. ಪುಟದ ವಿನ್ಯಾಸವೇ ಕಾಪಿಸ್ ಕಿಟಕಿ: ಸಾಲು ಸಾಲು ಚಿಕ್ಕ ಚೌಕಗಳು. ಮೊದಲರ್ಧ ಪೂರ್ತಿ ನಾವು ಓದುಗರು ಬೀದಿಯಲ್ಲಿ ನಿಂತು ನೆರಳು ನೋಡುತ್ತೇವೆ, ಹೆದರುತ್ತೇವೆ. ಅರ್ಧ ಪುಸ್ತಕದ ಹೊತ್ತಿಗೆ ಯಾರೋ ಕಿಟಕಿ ಸರಿಸುತ್ತಾರೆ, ಮೊದಲ ಸಲ ಇಡೀ ಪುಟಕ್ಕೆ ಒಂದೇ ಚಿತ್ರ ಬರುತ್ತದೆ. ಒಳಗೆ ಅಕ್ಕ ತಮ್ಮನಿಗೆ ಗಂಜಿ ಕುಡಿಸುತ್ತಿದ್ದಾಳೆ.

ಶಬ್ದದ ಬಗ್ಗೆ ಹೇಳಲೇಬೇಕು. ಅಸ್ವಾಂಗ್ ಬರುವಾಗ ತಿಕ್-ತಿಕ್ ಅಂತ ಸದ್ದಾಗುತ್ತದೆ ಅನ್ನುವುದು ನಂಬಿಕೆ. ಅದರಲ್ಲೊಂದು ವಿಚಿತ್ರ ಇದೆ. ಸದ್ದು ಜೋರಾಗಿದ್ದರೆ ಅದು ದೂರದಲ್ಲಿದೆ. ಸಣ್ಣದಾದಷ್ಟೂ ಹತ್ತಿರ ಬಂದಿದೆ. ಮೊದಲ ಕರಡಿನಲ್ಲಿ ಎಲ್ಲ ಕಾಮಿಕ್ಸ್‌ಗಳ ಹಾಗೆ ಅಪಾಯ ಹತ್ತಿರವಾದಂತೆ ಅಕ್ಷರ ದೊಡ್ಡದಾಗುತ್ತಿತ್ತು. ಹೊಸದರಲ್ಲಿ ತಿಕ್-ತಿಕ್ ಪುಟದಿಂದ ಪುಟಕ್ಕೆ ಕುಗ್ಗುತ್ತಾ ಹೋಗುತ್ತದೆ. ಕೊನೆಯಲ್ಲಿ ಅದು ಕಣ್ಣಿಗೆ ಹತ್ತದಷ್ಟು ಸಣ್ಣ ಚುಕ್ಕೆಯಾಗಿ, ಕಲ್ಲು ಹಿಡಿದು ಮನೆ ಮುಂದೆ ನಿಂತ ನೆರೆಯವನ ಕಿವಿಯ ಪಕ್ಕ ಬಂದು ಕೂರುತ್ತದೆ. ಅದರ ಅರ್ಥ ಎಲ್ಲೂ ಬರೆದಿಲ್ಲ. ನಂಬಿಕೆ ಗೊತ್ತಿರುವವರಿಗೆ ಮೈ ಜುಮ್ ಅನ್ನುತ್ತದೆ.

ನಡುವೆ ನಾಲ್ಕು ಪುಟ 1950ರ ದಶಕಕ್ಕೆ ಹೋಗುತ್ತದೆ. ಅಮೆರಿಕದ ಎಡ್ವರ್ಡ್ ಲ್ಯಾನ್ಸ್‌ಡೇಲ್ ಎಂಬ ಅಧಿಕಾರಿ ಹುಕ್ ಅನ್ನುವ ರೈತ ಬಂಡಾಯಗಾರರನ್ನು ಗುಡ್ಡದಿಂದ ಓಡಿಸಲು ಅಸ್ವಾಂಗ್ ಸುದ್ದಿ ಹಬ್ಬಿಸಿದ್ದನ್ನು, ಗಸ್ತಿನಲ್ಲಿ ಕೊನೆಗೆ ಬರುತ್ತಿದ್ದ ಒಬ್ಬನನ್ನು ಹಿಡಿದು ಕುತ್ತಿಗೆಗೆ ಎರಡು ತೂತು ಮಾಡಿ, ರಕ್ತ ಬಸಿದು, ಹೆಣವನ್ನು ದಾರಿಯಲ್ಲಿ ಬಿಟ್ಟದ್ದನ್ನು ತನ್ನ ನೆನಪಿನ ಪುಸ್ತಕದಲ್ಲಿ ತಾನೇ ಬರೆದಿದ್ದಾನೆ. ಈ ಪುಟಗಳು ಕಥೆಯ ಓಟಕ್ಕೆ ಅಡ್ಡ ಬರುತ್ತವೆ ಅಂತ ನಾನು ಹೇಳಿದ್ದೆ. ಲೇಖಕಿ ಬಿಡಲಿಲ್ಲ. ಬೀದಿಯ ಸುದ್ದಿ ಸರ್ಕಾರದ ಕೈಗೆ ಸಿಕ್ಕರೆ ಏನಾಗುತ್ತೆ ಅಂತ ತೋರಿಸಲೇಬೇಕು ಅಂದಳು. ಈಗಲೂ ಅಲ್ಲಿ ಓದು ಸ್ವಲ್ಪ ಕುಂಟುತ್ತದೆ. ಆದರೂ ತೆಗೆಯದೇ ಇದ್ದದ್ದು ಒಳ್ಳೆಯದಾಯಿತು.

ಎಲ್ಲಕ್ಕಿಂತ ಕಷ್ಟದ ತೀರ್ಮಾನ, ಕಾಯಿಲೆಯ ಹೆಸರು ಹೇಳುವುದೋ ಬೇಡವೋ ಅನ್ನೋದು. ಲೇಖಕಿಗೆ ಬೇಡವಾಗಿತ್ತು. ಹೆಸರು ಹೇಳಿದರೆ ಕಾಪಿಸ್ ಮೇಲಿನ ಒಂದು ಮುದ್ರೆ ತೆಗೆದು ಇನ್ನೊಂದು ಒತ್ತಿದ ಹಾಗಾಗುತ್ತೆ ಅಂದಳು. ನರ್ಸ್ ಬೇಕು ಅಂದರು. ಮನೆಯಲ್ಲಿ ಇಂಥವರನ್ನು ಇಟ್ಟುಕೊಂಡು ಏನು ಅಂತ ಗೊತ್ತಿಲ್ಲದೆ ಬಾಗಿಲು ಹಾಕಿ ಕೂತಿರುವವರಿದ್ದಾರೆ, ಹೆಸರು ಗೊತ್ತಾದರೆ ಆಸ್ಪತ್ರೆಗಾದರೂ ಬರುತ್ತಾರೆ ಅನ್ನುವುದು ಅವರ ವಾದ. ಇಬ್ಬರದೂ ಸರಿ. ಕೊನೆಗೆ ಕಥೆಯೊಳಗೆ ಹೆಸರು ಬರಲಿಲ್ಲ. ಪುಸ್ತಕದ ಹಿಂದೆ ಅರ್ಧ ಪುಟವನ್ನು ನರ್ಸ್‌ಗೆ ಬಿಟ್ಟುಕೊಟ್ಟರು. ಅವರು ಅದನ್ನು ಹಿಲಿಗಾಯ್ನೋನ್‌ನಲ್ಲಿ ಬರೆದರು, ಅನುವಾದ ಹಾಕಲು ಬಿಡಲಿಲ್ಲ. ಯಾರಿಗೆ ಬೇಕೋ ಅವರಿಗೆ ಅರ್ಥವಾಗುತ್ತೆ ಅಂದರು.

ಪುಸ್ತಕ ಬಂದ ಮೇಲೆ

ಹೊರದೇಶದ ಪ್ರಕಾಶಕರೊಬ್ಬರು ಮುಂದೆ ಬಂದಿದ್ದರು, ಆದರೆ ಮುಖಪುಟದಲ್ಲಿ ರೆಕ್ಕೆಯ ಪಿಶಾಚಿ ಬೇಕು, ಕೊನೆಗೆ ಪದಕೋಶ ಬೇಕು ಅಂದರು. ಪದಕೋಶಕ್ಕೆ ಇವರು ಒಪ್ಪಿದರು, ಪಿಶಾಚಿಗೆ ಒಪ್ಪಲಿಲ್ಲ. ಮಾತುಕತೆ ಮುರಿಯಿತು. ಪುಸ್ತಕ ಮನಿಲಾದಲ್ಲೇ ಚಿಕ್ಕ ಪ್ರಕಾಶನವೊಂದರಿಂದ ಬಂತು. ಮಾರಾಟ ನಿಧಾನ. ಮೊದಲ ಅಧ್ಯಾಯವನ್ನು ಮೆಚ್ಚಿಕೊಂಡಿದ್ದ ಕೆಲವರು, ಅಸ್ವಾಂಗ್ ಎಲ್ಲಿ, ಭಯವೇ ಇಲ್ಲವಲ್ಲ ಅಂತ ಕೇಳಿದರು. ಇನ್ನು ಕೆಲವರು ಓದಿ ಮುಗಿಸಿ, ತಮ್ಮ ಬೀದಿಯಲ್ಲಿ ಚಿಕ್ಕವರಿದ್ದಾಗ ಯಾವ ಮನೆಯ ಮುಂದೆ ಓಡುತ್ತಾ ಹಾದುಹೋಗುತ್ತಿದ್ದೆವು ಅಂತ ಬರೆದು ಕಳಿಸಿದರು. ಲೇಖಕಿ ಆ ಪತ್ರಗಳನ್ನೆಲ್ಲ ಇಟ್ಟುಕೊಂಡಿದ್ದಾಳೆ.

ಮೊದಲೇ ಮಾರಿಹೋಗಿದ್ದ ಜೆರಾಕ್ಸ್ ಪ್ರತಿಗಳು ವಾಪಸ್ ಬರಲಿಲ್ಲ. ಆ ಪುಟದ ಫೋಟೊ ಈಗಲೂ ಇಂಟರ್‌ನೆಟ್‌ನಲ್ಲಿ ಓಡಾಡುತ್ತಿದೆ, ಹುಡುಕಿದರೆ ಸಿಗುತ್ತದೆ. ಇದನ್ನು ಸರಿಮಾಡಲು ಅವರ ಕೈಲಿ ಆಗಿಲ್ಲ. ಚಿತ್ರಗಾರ ಈಗ ಯಾವುದೇ ಫೋಟೊ ನೋಡಿ ಬರೆಯುವ ಮೊದಲು ಅದರಲ್ಲಿರುವುದು ಯಾರು ಅಂತ ಹುಡುಕುತ್ತಾನೆ. ಗೊತ್ತಾಗದಿದ್ದರೆ ಬಿಡುತ್ತಾನೆ. ನಾನು ಕರಡು ಓದುವಾಗ, ಈ ಮುಖ ಎಲ್ಲಿಂದ ಬಂತು ಅಂತ ಮೊದಲು ಕೇಳುತ್ತೇನೆ.

ಅಚ್ಚಾದ ಪುಸ್ತಕದಲ್ಲಿ ಒಂದು ಚಿಕ್ಕ ಚೌಕವಿದೆ. ಗಲ್ಲದ ಕೆಳಗೆ ಎರಡು ಬೆರಳು, ಅಷ್ಟೆ. ಮಾವ ಅದನ್ನು ನೋಡಿ ಸರಿಯಾಗಿದೆ ಅಂದರಂತೆ.

ನರ್ಸ್ ಎರಡು ಪ್ರತಿ ಕೇಳಿ ಪಡೆದಿದ್ದರು, ಒಂದು ಮಾವನಿಗೆ, ಒಂದು ತಮ್ಮನಿಗೆ. ತಮ್ಮ ಇನ್ನೂ ಅದನ್ನು ತೆರೆದಿಲ್ಲ. ಅಕ್ಕ ಒತ್ತಾಯ ಮಾಡಿಲ್ಲ. ಅಡುಗೆಮನೆಯಲ್ಲಿ ಅಕ್ಕಿ ಡಬ್ಬದ ಮೇಲೆ ಇಟ್ಟಿದ್ದಾರೆ, ಬೇಕಾದಾಗ ಕೈಗೆ ಸಿಗುವ ಹಾಗೆ.